ಊಟದ ಜೊತೆ ವೈನ್, ಮೇಜಿನ ಸುತ್ತ ನಮ್ಮವರು: ನೀವು ಹೇಗೆ ಸೇರುತ್ತೀರಿ?

ಜಯನಗರದ ಮೇಜು

ಎಲ್ಲರಿಗೂ ನಮಸ್ಕಾರ. ಇಲ್ಲಿ ವೈನ್ ವಿಷಯ ಬಂದಾಗಲೆಲ್ಲ ಮಾತು ಎರಡೇ ಕಡೆ ಹೋಗುತ್ತದೆ. ಯಾವ ಬ್ರ್ಯಾಂಡ್ ಚೆನ್ನಾಗಿದೆ, ರೇಟ್ ಎಷ್ಟು. ನನಗೆ ಬೇರೆಯದೇ ಕೇಳಬೇಕಿದೆ. ಮನೆಗೆ ಹತ್ತಿರದ ಸಣ್ಣ ವೈನ್ ಬಾರ್‌ನಲ್ಲಿ ಗೆಳೆಯರ ಜೊತೆ ಕೂತು, ಊಟ ಮಾಡುತ್ತಾ, ಹರಟುತ್ತಾ ವೈನ್ ಕುಡಿಯುವವರು ಇಲ್ಲಿ ಯಾರಿದ್ದೀರಿ? ಏನು ತಿನ್ನುತ್ತೀರಿ? ಅದಕ್ಕೆ ಯಾವ ವೈನ್ ಹೊಂದುತ್ತದೆ?

ನಾವು ಆರು ಜನ ತಿಂಗಳಿಗೊಮ್ಮೆ ಸೇರುತ್ತೇವೆ. ಬಾರ್ ಹೆಸರು ಬರೆಯುವುದಿಲ್ಲ, ಪ್ರಚಾರ ಮಾಡಿದ ಹಾಗೆ ಆಗಬಾರದು. ಎರಡು ಬಾಟಲಿ ತರಿಸುತ್ತೇವೆ, ಒಂದು ಬಿಳಿ, ಒಂದು ಕೆಂಪು. 750 ಎಂಎಲ್ ಬಾಟಲಿಯಲ್ಲಿ 150 ಎಂಎಲ್‌ನ ಐದು ಗ್ಲಾಸ್ ಬರುತ್ತದೆ. ಕುಡಿಯುವ ಐದು ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ಎರಡು ಗ್ಲಾಸ್. ಮೂರು ಗಂಟೆ ಕೂರುವವರಿಗೆ ಅಷ್ಟು ಸಾಕು. ತಟ್ಟೆಗಳೆಲ್ಲ ಮೇಜಿನ ನಡುವೆ ಇರುತ್ತವೆ, ಯಾರೂ ತಮ್ಮದೇ ಅಂತ ಬೇರೆ ತರಿಸುವುದಿಲ್ಲ. ಫೋನ್ ನೋಡುವುದು ತಾನಾಗಿಯೇ ಕಡಿಮೆಯಾಗುತ್ತದೆ. ಕೈಗೆ ಕೆಲಸ ಇರುತ್ತದಲ್ಲ!

ವೈನ್ ಬರೀ ಹೊಟ್ಟೆಯಲ್ಲಿ ಕುಡಿಯುವಂಥದ್ದಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಕ್ಯಾಬರ್ನೇ ಸಾವಿನ್ಯೋನ್ ಅನ್ನುವ ಕೆಂಪು ವೈನ್ ಒಂದು ಗುಟುಕು ಹಾಗೇ ಕುಡಿದು ನೋಡಿ. ಒಗರು ನಾಲಿಗೆಯನ್ನು ಹಿಡಿದುಕೊಳ್ಳುತ್ತದೆ, ಒಸಡು ಒಣಗುತ್ತದೆ. ಆಮೇಲೆ ಉಪ್ಪಿರುವ ಚೀಸ್ ಇಲ್ಲವೇ ಮಟನ್ ಫ್ರೈ ಒಂದು ತುಂಡು ಅಗಿದು ಮತ್ತೆ ಅದೇ ವೈನ್ ಕುಡಿಯಿರಿ. ಒಗರು ಇಳಿದು ಹಣ್ಣಿನ ರುಚಿ ಮೇಲೆ ಬರುತ್ತದೆ. ವೈನ್‌ನಲ್ಲಿರುವ ಟ್ಯಾನಿನ್ ನಮ್ಮ ಎಂಜಲಿನ ಪ್ರೋಟೀನ್‌ಗೆ ಅಂಟಿಕೊಳ್ಳುತ್ತದೆ, ಅದಕ್ಕೇ ಬಾಯಿ ಒಣಗುವುದು. ಮಾಂಸ, ಚೀಸ್ ಇದ್ದರೆ ಅದು ಅಲ್ಲಿನ ಪ್ರೋಟೀನ್ ಹಿಡಿದುಕೊಂಡು ನಮ್ಮ ನಾಲಿಗೆಯನ್ನು ಬಿಡುತ್ತದೆ. ಊಟ ಇಲ್ಲದೆ ಆ ವೈನ್ ಅರ್ಧವೇ ಸಿಕ್ಕಿದ ಹಾಗೆ.

ಈಗ ನೀವು ಹೇಳಿ.

ಕುಡ್ಲದ ಅಡುಗೆಮನೆ

ಒಳ್ಳೆಯ ವಿಷಯ ತೆಗೆದಿದ್ದೀರಿ. ನಮ್ಮ ಕಡೆ ಕ್ರಿಸ್‌ಮಸ್‌ಗೆ ಮನೆಯಲ್ಲೇ ದ್ರಾಕ್ಷಿ ವೈನ್ ಮಾಡುವ ಕುಟುಂಬಗಳು ಇವತ್ತಿಗೂ ಇವೆ. ಹಾಗಾಗಿ ವೈನ್ ನನಗೆ ಹೊಸದಲ್ಲ. ಆದರೆ ಅದು ಸಿಹಿ ವೈನ್, ಕೇಕ್ ಮತ್ತು ಕುಸ್ವಾರ್ ಅನ್ನುವ ಕ್ರಿಸ್‌ಮಸ್ ತಿಂಡಿಗಳ ಜೊತೆಗೆ ಸಣ್ಣ ಗ್ಲಾಸ್. ಮೀನಿನ ಜೊತೆ ಡ್ರೈ ವೈನ್, ಅಂದರೆ ಸಿಹಿ ಇಲ್ಲದ ವೈನ್, ರುಚಿ ನೋಡಿದ್ದು ಬೆಂಗಳೂರಿಗೆ ಬಂದ ಮೇಲೆ.

ಕಾಣೆ ಮೀನಿನ ರವಾ ಫ್ರೈ ಮತ್ತು ಚೆನ್ನಾಗಿ ತಣ್ಣಗಿರುವ ಸಾವಿನ್ಯೋನ್ ಬ್ಲಾಂಕ್ ಅನ್ನುವ ಬಿಳಿ ವೈನ್. ಇದನ್ನು ಒಮ್ಮೆ ಮಾಡಿ ನೋಡಿ. ರವೆ ಗರಿಗರಿ ಇರಬೇಕು, ಬಾಣಲೆಯಿಂದ ನೇರ ತಟ್ಟೆಗೆ ಬರಬೇಕು. ನಿಂಬೆ ಹಿಂಡಬೇಡಿ. ನಿಂಬೆ ಮಾಡುವ ಕೆಲಸವನ್ನು ವೈನೇ ಮಾಡುತ್ತದೆ. ಎಣ್ಣೆ ಅಂಟಿದ ನಾಲಿಗೆಯನ್ನು ಅದರ ಹುಳಿ ತೊಳೆದುಬಿಡುತ್ತದೆ, ಮುಂದಿನ ತುಂಡು ಮೊದಲ ತುಂಡಿನಷ್ಟೇ ರುಚಿಯಾಗಿರುತ್ತದೆ.

ಕೆಂಪು ವೈನ್ ಮಾತ್ರ ಮೀನಿಗೆ ಬೇಡ, ಅದರಲ್ಲೂ ಬಂಗುಡೆ, ಭೂತಾಯಿಗೆ ಬೇಡವೇ ಬೇಡ. ಕೆಂಪು ವೈನ್‌ನಲ್ಲಿರುವ ಕಬ್ಬಿಣದ ಅಂಶ ಮೀನಿನ ಎಣ್ಣೆ ಜೊತೆ ಸೇರಿ ಬಾಯಲ್ಲಿ ಹಸಿ ಮೀನಿನ ವಾಸನೆ ಉಳಿಸುತ್ತದೆ.

ಹೊಸಬ, ಹೆಬ್ಬಾಳ

ಕುಂದಾಪುರದ ಘೀ ರೋಸ್ಟ್‌ಗೆ ಯಾವುದು ಅಕ್ಕ? ನಾನು ಕ್ಯಾಬರ್ನೇ ತರಿಸಿದೆ, ಬಾಯೆಲ್ಲ ಉರಿ ಹತ್ತಿತು.

ಕುಡ್ಲದ ಅಡುಗೆಮನೆ

ಘೀ ರೋಸ್ಟ್‌ಗೆ ಬ್ಯಾಡಗಿ ಮೆಣಸು ಜಾಸ್ತಿ ಹಾಕುತ್ತೇವೆ. ಬಣ್ಣ ಜೋರು, ಖಾರ ಕಮ್ಮಿ. ಆದರೆ ಕೆಲವು ಹೋಟೆಲ್‌ನವರು ಗುಂಟೂರು ಸೇರಿಸುತ್ತಾರೆ, ಆಗ ಕಷ್ಟ. ಖಾರಕ್ಕೆ ಒಗರು ವೈನ್ ಕೊಟ್ಟರೆ ಎರಡೂ ಸೇರಿ ಬಾಯಿ ಸುಡುತ್ತವೆ. ಸ್ವಲ್ಪ ಸಿಹಿ ಉಳಿದಿರುವ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನ್ ತಣ್ಣಗೆ ತರಿಸಿ. ಹುಣಸೆ ಹುಳಿಗೂ ಅದು ತಡೆದುಕೊಳ್ಳುತ್ತದೆ.

ಜಯನಗರದ ಮೇಜು

ಅಕ್ಕ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮೆಣಸಿನಕಾಯಿ ಖಾರ ಅನ್ನುವುದು ರುಚಿಯಲ್ಲ, ಉರಿ. ಬಿಸಿ ತಾಗಿದಾಗ ಎಚ್ಚರಿಸುವ ನರದ ತುದಿಯನ್ನೇ ಅದು ಕೆಣಕುತ್ತದೆ. ಆಲ್ಕೋಹಾಲ್ ಕೂಡ ಅಲ್ಲಿಗೇ ಕೈ ಹಾಕುತ್ತದೆ. ಹಾಗಾಗಿ ಶೇ 14 ಆಲ್ಕೋಹಾಲ್ ಇರುವ ಗಟ್ಟಿ ಕೆಂಪು ವೈನ್ ಆಂಧ್ರ ಊಟದ ಜೊತೆ ಸುಖವಿಲ್ಲ. ಬಾಟಲಿ ಹಿಂದಿನ ಲೇಬಲ್‌ನಲ್ಲಿ ಶೇಕಡಾವಾರು ಬರೆದಿರುತ್ತಾರೆ, ನೋಡಿ ತರಿಸಿ. ಖಾರದ ಊಟಕ್ಕೆ 12ರ ಆಸುಪಾಸು ಇದ್ದರೆ ಒಳ್ಳೆಯದು.

ತಿಕೋಟಾ ತೋಟ

ನಮಸ್ಕಾರ್ರೀ. ನಾನು ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರ. ಇಲ್ಲಿ ಎಲ್ಲರೂ ಗ್ಲಾಸಿನಿಂದ ಮಾತು ಶುರು ಮಾಡಿದ್ದೀರಿ, ನಾನು ಬಳ್ಳಿಯಿಂದ ಹೇಳುತ್ತೇನೆ.

ನಮ್ಮ ಕಡೆ ಹೆಚ್ಚಿನವರದು ಥಾಮ್ಸನ್ ಸೀಡ್‌ಲೆಸ್, ಒಣದ್ರಾಕ್ಷಿಗೆ ಹೋಗುತ್ತದೆ. ವೈನ್ ದ್ರಾಕ್ಷಿ ಬೇರೆಯದೇ ತಳಿ. ಕಾಳು ಸಣ್ಣ, ಸಿಪ್ಪೆ ದಪ್ಪ, ಒಳಗೆ ಬೀಜ. ಬಾಯಿಗೆ ಹಾಕಿದ ಕೂಡಲೇ, ತಿನ್ನುವ ದ್ರಾಕ್ಷಿಗಿಂತ ಹೆಚ್ಚು ಸಿಹಿ. ಅಗಿದಾಗ ಸಿಪ್ಪೆ, ಬೀಜದ ಒಗರು ಬರುತ್ತದೆ. ಜಯನಗರದ ಸರ್ ಹೇಳಿದ ಒಗರು ಅಲ್ಲಿಂದಲೇ ಬಂದದ್ದು. ಕಪ್ಪು ದ್ರಾಕ್ಷಿ ಹಿಂಡಿದರೆ ರಸ ಹೆಚ್ಚುಕಡಿಮೆ ಬೆಳ್ಳಗೇ ಇರುತ್ತದೆ. ಸಿಪ್ಪೆ ಜೊತೆ ಹುದುಗು ಬಂದಾಗ ಮಾತ್ರ ಕೆಂಪು ಇಳಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸಿಪ್ಪೆ ತೆಗೆದರೆ ಗುಲಾಬಿ ವೈನ್.

ಯುರೋಪಿನಲ್ಲಿ ಚಳಿಗೆ ಬಳ್ಳಿ ಮಲಗುತ್ತದೆ. ನಮ್ಮಲ್ಲಿ ಅಂಥ ಚಳಿ ಇಲ್ಲ, ಬಳ್ಳಿ ಬೆಳೆಯುತ್ತಲೇ ಇರುತ್ತದೆ. ಅದಕ್ಕೆ ವರ್ಷಕ್ಕೆ ಎರಡು ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವುದು, ಮಾಡುತ್ತೇವೆ. ಏಪ್ರಿಲ್ ಚಾಟ್ನಿ ಕಡ್ಡಿ ಬೆಳೆಸುವುದಕ್ಕೆ, ಅಕ್ಟೋಬರ್ ಚಾಟ್ನಿ ಹಣ್ಣಿಗೆ. ಅಕ್ಟೋಬರ್ ಮಳೆ ಜೋರಾದರೆ ಹೂವು, ಕಾಯಿ ಎಲ್ಲಕ್ಕೂ ರೋಗ. ಆ ವರ್ಷ ನಮ್ಮ ನಿದ್ದೆ ಹೋಯಿತು ಅಂತಲೇ ಲೆಕ್ಕ. ಹಣ್ಣು ಚೆನ್ನಾಗಿ ಬಂದರೆ ಚಳಿ ಮುಗಿಯುವ ಹೊತ್ತಿಗೆ ಕೊಯ್ಲು.

ನೀವು ಮೇಜಿನ ಮೇಲೆ ನಮ್ಮ ರಾಜ್ಯದ ಬಾಟಲಿ ಇಟ್ಟರೆ ನಮಗೆ ಬಹಳ ಸಂತೋಷರೀ.

ನಂದಿ ರಸ್ತೆ

ತೋಟದವರೇ, ತುಂಬ ಥ್ಯಾಂಕ್ಸ್. ನಮ್ಮ ರಾಜ್ಯದ ವೈನ್ ಬಗ್ಗೆ ಹೊಸಬರಿಗೆ ಒಂದಿಷ್ಟು ಹೇಳಿಬಿಡುತ್ತೇನೆ. ನಂದಿ ಬೆಟ್ಟದ ತಪ್ಪಲಿನಲ್ಲಿ, ದೊಡ್ಡಬಳ್ಳಾಪುರದ ಹತ್ತಿರ ಗ್ರೋವರ್ ಕಂಪನಿ ಶುರುವಾದದ್ದು 1988ರಲ್ಲಿ. ಫ್ರೆಂಚ್ ತಳಿಗಳನ್ನು ತಂದು, ಇಲ್ಲಿನ ಮಣ್ಣಿಗೆ ಯಾವುದು ಒಗ್ಗುತ್ತದೆ ಅಂತ ನೋಡಿ, ಬೆಳೆಸಿ, 1992ರಲ್ಲಿ ಮೊದಲ ವೈನ್ ಹೊರಗೆ ಬಂತು. ಅವರ ಲಾ ರಿಸರ್ವ್ ಅನ್ನುವ ಕೆಂಪು ವೈನ್ ಕ್ಯಾಬರ್ನೇ ಮತ್ತು ಶಿರಾಜ್ ಅನ್ನುವ ಎರಡು ಕಪ್ಪು ದ್ರಾಕ್ಷಿ ಬೆರೆಸಿದ್ದು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದ ಮೇಲೆ ಬೇರೆಯವರೂ ಬಂದರು. ಕೊಪ್ಪಳ ಜಿಲ್ಲೆಯಲ್ಲಿ ಹಂಪಿ ಕಡೆಯ ಕಲ್ಲುಗುಡ್ಡಗಳ ನಡುವೆ ಕೃಷ್ಮಾ ತೋಟ ಇದೆ. ಆ ಬಿಸಿಲಿನಲ್ಲಿ ಅಂಥ ಕ್ಯಾಬರ್ನೇ ಬರುತ್ತದೆ ಅಂದರೆ ನನಗೆ ಹೆಮ್ಮೆ. ಅವರು ಇಟಲಿಯ ಸಾಂಜಿಯೋವೆಸೆ ದ್ರಾಕ್ಷಿ ಕೂಡ ಬೆಳೆಯುತ್ತಾರೆ. ಟೊಮೆಟೊ ಗೊಜ್ಜು ಇರುವ ಯಾವುದೇ ಊಟಕ್ಕೆ ಅದು ಚೆನ್ನ.

ಬೆಂಗಳೂರು ಬ್ಲೂ ದ್ರಾಕ್ಷಿಯನ್ನೂ ಮರೆಯಬೇಡಿ. ಜಿಐ ಟ್ಯಾಗ್ ಇರುವ ನಮ್ಮ ಊರಿನ ಹಣ್ಣು. ಜ್ಯೂಸ್‌ಗೂ ಹೋಗುತ್ತದೆ, ಸಿಹಿ ಪೋರ್ಟ್ ಮಾದರಿ ವೈನ್‌ಗೂ ಹೋಗುತ್ತದೆ. ಅದರ ಘಮ ಬಹಳ ಜೋರು. ಡ್ರೈ ವೈನ್‌ಗೆ ಅದು ಹೊಂದುವುದಿಲ್ಲ ಅನ್ನುತ್ತಾರೆ. ಆದರೆ ಆ ಘಮ ನಮ್ಮದೇ ಅಲ್ವಾ.

ಸೋಡಾ ಸಾಕು

ನಾನು ಕುಡಿಯುವುದಿಲ್ಲ, ಆದರೆ ಇಂಥ ಮೇಜಿನಲ್ಲಿ ಕೂರುವುದು ನನಗೆ ಇಷ್ಟ. ಒಂದು ವಿಷಯ ಹೇಳಲೇಬೇಕು. ವೈನ್ ಹೃದಯಕ್ಕೆ ಒಳ್ಳೆಯದು ಅನ್ನುವ ಮಾತು ದಯವಿಟ್ಟು ಇಲ್ಲಿ ಯಾರೂ ತರಬೇಡಿ. ಆರೋಗ್ಯದ ದೃಷ್ಟಿಯಿಂದ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವಂಥ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ರುಚಿಗೆ ಕುಡಿಯಿರಿ, ಔಷಧಿ ಅಂತ ಕುಡಿಯಬೇಡಿ. ಮತ್ತೆ, ಕುಡಿಯದವರಿಗೂ ಒಂದು ಚಂದದ ಗ್ಲಾಸ್‌ನಲ್ಲಿ ಏನಾದರೂ ಕೊಡಿ. ನೀರಿನ ಬಾಟಲಿ ಮುಂದಿಟ್ಟು ಬಿಟ್ಟರೆ ಬೇಜಾರಾಗುತ್ತದೆ.

ಜಯನಗರದ ಮೇಜು

ನೂರಕ್ಕೆ ನೂರು ಒಪ್ಪುತ್ತೇನೆ. ನಮ್ಮ ಗುಂಪಿನಲ್ಲೂ ಒಬ್ಬರು ಕುಡಿಯುವುದಿಲ್ಲ. ಅವರಿಗೆ ಕೋಕಂ ಸೋಡಾ, ಉಪ್ಪು ಕಮ್ಮಿ, ವೈನ್ ಗ್ಲಾಸ್‌ನಲ್ಲೇ. ಹುಳಿ, ಒಗರು ಎರಡೂ ಇರುವುದರಿಂದ ಊಟಕ್ಕೂ ಹೊಂದುತ್ತದೆ. ಬಿಲ್ ಹಂಚುವಾಗ ಅವರ ಪಾಲಿನಿಂದ ವೈನ್ ತೆಗೆದೇ ಲೆಕ್ಕ ಹಾಕುತ್ತೇವೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಸ್ನೇಹ ಉಳಿಯುವುದು ಇಂಥದ್ದರಲ್ಲೇ. ಗಾಡಿ ಯಾರೂ ತರುವುದಿಲ್ಲ. ಮೆಟ್ರೋ, ಇಲ್ಲದಿದ್ದರೆ ಆಟೋ.

ವಿಯೆನ್ನಾದಿಂದ

ಈ ಚರ್ಚೆ ಓದಿ ಬರೆಯದೆ ಇರಲು ಆಗಲಿಲ್ಲ. ನಾನು ಹಾಸನದವಳು, ಈಗ ವಿಯೆನ್ನಾದಲ್ಲಿದ್ದೇನೆ. ನೀವು ಹುಡುಕುತ್ತಿರುವುದು ಇಲ್ಲಿ ನಗರದ ಅಂಚಿನ ಬಡಾವಣೆಗಳಲ್ಲಿ ಇದೆ. ಹೊಯ್ರಿಗರ್ ಅನ್ನುತ್ತಾರೆ. ದ್ರಾಕ್ಷಿ ಬೆಳೆಗಾರರು ತಮ್ಮದೇ ವೈನ್ ಅನ್ನು ತಮ್ಮದೇ ಅಂಗಳದಲ್ಲಿ ಬಡಿಸುವ ಜಾಗ. 1784ರಲ್ಲಿ ಎರಡನೇ ಜೋಸೆಫ್ ಚಕ್ರವರ್ತಿ ಬೆಳೆಗಾರರಿಗೆ ಹೀಗೆ ಮಾರುವ ಹಕ್ಕು ಕೊಟ್ಟ. ಬಾಗಿಲ ಮೇಲೆ ಪೈನ್ ಮರದ ಕೊಂಬೆಯ ಗೊಂಚಲು ನೇತು ಹಾಕಿದ್ದರೆ ಇವತ್ತು ತೆರೆದಿದೆ ಅಂತ ಅರ್ಥ. ಈ ನಗರದ ಗಡಿಯೊಳಗೇ ನೂರಾರು ಹೆಕ್ಟೇರ್ ದ್ರಾಕ್ಷಿ ತೋಟ ಇದೆ. ಟ್ರಾಮ್ ಹತ್ತಿ ಹೋಗಬಹುದು.

ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಉದ್ದನೆಯ ಮರದ ಬೆಂಚು. ಜಾಗ ಇದ್ದರೆ ಗುರುತಿಲ್ಲದವರ ಪಕ್ಕದಲ್ಲೂ ಕೇಳಿ ಕೂರಬಹುದು. ಊಟವನ್ನು ಒಳಗಿನ ಕೌಂಟರ್‌ಗೆ ಹೋಗಿ ನಾವೇ ತರಬೇಕು: ದಪ್ಪ ಬ್ರೆಡ್, ಲಿಪ್ಟಾವರ್ ಅನ್ನುವ ಕೆಂಪುಮೆಣಸಿನ ಪುಡಿ ಕಲಸಿದ ಚೀಸ್, ಉಪ್ಪಿನಕಾಯಿ ಸೌತೆ, ಹುರಿದ ಹಂದಿ ಮಾಂಸ, ಆಲೂಗಡ್ಡೆ ಸಲಾಡ್. ವೈನ್ ಮಾತ್ರ ಮೇಜಿಗೆ ಬರುತ್ತದೆ. ಉದ್ದ ಕಾಲಿನ ಗ್ಲಾಸ್ ಬೇಕು ಅಂತ ಯಾರೂ ಅನ್ನುವುದಿಲ್ಲ, ಹಿಡಿ ಇರುವ ದಪ್ಪ ಗಾಜಿನ ಲೋಟ. ಬೇಸಿಗೆಯಲ್ಲಿ ಅರ್ಧ ವೈನ್ ಅರ್ಧ ಸೋಡಾ ಬೆರೆಸಿ ಕುಡಿಯುತ್ತಾರೆ. ಅದನ್ನು ಯಾರೂ ಕೀಳಾಗಿ ನೋಡುವುದಿಲ್ಲ.

ಇಲ್ಲಿನ ಹೆಸರಾದ ವೈನ್ ಗೆಮಿಷ್ಟರ್ ಸಾಟ್ಸ್. ಮೂರು ಅಥವಾ ಅದಕ್ಕಿಂತ ಹೆಚ್ಚು ತಳಿಗಳನ್ನು ಒಂದೇ ತೋಟದಲ್ಲಿ ಬೆರೆಸಿ ನೆಟ್ಟು, ಒಟ್ಟಿಗೇ ಕೊಯ್ದು ಮಾಡುತ್ತಾರೆ. ಅಜ್ಜ, ಮೊಮ್ಮಗಳು, ನಾಯಿ ಎಲ್ಲ ಒಂದೇ ಮೇಜಿನಲ್ಲಿ. ಮಕ್ಕಳಿಗೆ ದ್ರಾಕ್ಷಿ ರಸ. ಕುಡಿದು ಗಲಾಟೆ ಮಾಡುವವರನ್ನು ನಾನು ಕಂಡದ್ದು ಕಡಿಮೆ, ಯಾಕೆಂದರೆ ತಟ್ಟೆ ಯಾವಾಗಲೂ ತುಂಬಿರುತ್ತದೆ. ನಮ್ಮ ತೋಟದವರು ವಿಜಯಪುರದಲ್ಲಿ ಇಂಥ ಅಂಗಳ ತೆರೆದು ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರೆ ಎಷ್ಟು ಚಂದ!

ತಿಕೋಟಾ ತೋಟ

ಅಕ್ಕಾರ, ಓದಿ ಆಸೆ ಆಯ್ತರೀ. ಶೇಂಗಾ ಚಟ್ನಿ, ಮೊಸರು ನಾವೇ ಕೊಡುತ್ತೇವೆ.

ಮಹಿಳೆ, ಮಲ್ಲೇಶ್ವರ

ನಾನು ಬೇರೆ ಕಾರಣಕ್ಕೆ ವೈನ್ ಬಾರ್ ಇಷ್ಟಪಡುತ್ತೇನೆ. ನಾವು ನಾಲ್ಕು ಜನ ಹೆಂಗಸರು, ಎಲ್ಲ ಐವತ್ತು ದಾಟಿದವರು. ಮಾಮೂಲಿ ಬಾರ್‌ಗೆ ಹೋಗಿ ಕೂತರೆ ಪಕ್ಕದ ಮೇಜಿನವರ ಕಣ್ಣೆಲ್ಲ ನಮ್ಮ ಮೇಲೆ. ಪಬ್‌ಗೆ ಹೋದರೆ ಹಾಡಿನ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುವುದಿಲ್ಲ. ಸಣ್ಣ ವೈನ್ ಬಾರ್‌ನಲ್ಲಿ ಬೆಳಕಿರುತ್ತದೆ, ಮಾತು ಕೇಳುತ್ತದೆ. ಬಡಿಸುವ ಹುಡುಗಿ ಬಂದು "ಆಂಟಿ, ಈ ಸಲ ಹೊಸದೊಂದು ಬಂದಿದೆ, ಸ್ವಲ್ಪ ರುಚಿ ನೋಡ್ತೀರಾ?" ಅಂತ ಕೇಳುತ್ತಾಳೆ. ಅಷ್ಟು ಮರ್ಯಾದೆ ಸಿಕ್ಕರೆ ನಾವು ಮತ್ತೆ ಹೋಗುತ್ತೇವೆ.

ನಾವು ಸಸ್ಯಾಹಾರಿಗಳು. ಇಲ್ಲಿ ಬರೀ ಮೀನು, ಮಾಂಸ ಬರೆದಿದ್ದೀರಿ. ನಮಗೇನು ಹೊಂದುತ್ತದೆ ಹೇಳಿ.

ಜಯನಗರದ ಮೇಜು

ಮೇಡಂ, ನಿಮ್ಮ ಪಟ್ಟಿ ನಮ್ಮದಕ್ಕಿಂತ ಉದ್ದ ಆಗುತ್ತದೆ. ಮೊದಲು ಕರಿದದ್ದು: ಮೆಣಸಿನಕಾಯಿ ಬಜ್ಜಿ, ಮದ್ದೂರು ವಡೆ, ಹೀರೇಕಾಯಿ ಬಜ್ಜಿ. ಇವಕ್ಕೆ ಗುಳ್ಳೆ ಇರುವ ಸ್ಪಾರ್ಕ್ಲಿಂಗ್ ವೈನ್, ಲೇಬಲ್ ಮೇಲೆ ಬ್ರೂಟ್, ಅಂದರೆ ಡ್ರೈ, ಅಂತ ಇರುವುದು. ಗುಳ್ಳೆ, ಹುಳಿ ಎರಡೂ ಸೇರಿ ಎಣ್ಣೆಯ ಜಿಡ್ಡು ಬಿಡಿಸುತ್ತವೆ. ಮದ್ದೂರು ವಡೆಯ ಸುಟ್ಟ ಈರುಳ್ಳಿ ರುಚಿಗೂ ಬ್ರೂಟ್‌ನಲ್ಲಿ ಬರುವ ಬ್ರೆಡ್‌ನಂಥ ಘಮಕ್ಕೂ ಏನೋ ನಂಟಿದೆ. ನನ್ನ ಪ್ರಕಾರ ಇದಕ್ಕಿಂತ ಒಳ್ಳೆಯ ಜೋಡಿ ಬೆಂಗಳೂರಿನಲ್ಲಿ ಇಲ್ಲ.

ಕೊತ್ತಂಬರಿ, ಸೌತೆ, ಹಸಿಮೆಣಸು ಇರುವ ಕೋಸಂಬರಿಗೆ ಸಾವಿನ್ಯೋನ್ ಬ್ಲಾಂಕ್. ಆ ವೈನ್‌ನಲ್ಲೇ ಒಂದು ಹಸಿರು ಸೊಪ್ಪಿನ ವಾಸನೆ ಇರುತ್ತದೆ. ಬಿಸಿಬೇಳೆ ಬಾತ್‌ಗೆ ಗುಲಾಬಿ ವೈನ್: ಚಕ್ಕೆ, ಲವಂಗ, ಹುಣಸೆ, ತುಪ್ಪ ಎಲ್ಲ ಇರುವಲ್ಲಿ ತೀರಾ ಬಿಳಿ ಸೋಲುತ್ತದೆ, ತೀರಾ ಕೆಂಪು ಜಗಳ ಮಾಡುತ್ತದೆ. ಎಣ್ಣೆಗಾಯಿಗೆ ಶೇಂಗಾ, ಎಳ್ಳಿನ ಜಿಡ್ಡು ಇರುವುದರಿಂದ ಹಗುರ ಕೆಂಪು ನಡೆಯುತ್ತದೆ. ಅವರೆಕಾಳು ಉಸಲಿಗೆ ಶೆನಿನ್. ಸಾರು, ರಸಂಗೆ ಮಾತ್ರ ಯಾವುದೂ ಬೇಡ. ಬಿಸಿ ದ್ರವದ ಜೊತೆ ತಣ್ಣನೆಯ ವೈನ್ ನನಗಂತೂ ಸೇರುವುದಿಲ್ಲ.

ಮಡಿಕೇರಿ ಮೋಡ

ಪಂದಿ ಕರಿ ಬಗ್ಗೆ ಯಾರೂ ಬರೆದಿಲ್ಲ! ಕಾಚಂಪುಳಿ ಹಾಕಿ, ಹುರಿದ ಕರಿಮೆಣಸು ಹಾಕಿ ಕಪ್ಪಗೆ ಮಾಡಿದ ಪಂದಿ ಕರಿ, ಕಡುಬು. ಇದಕ್ಕೆ ಶಿರಾಜ್ ಬಿಟ್ಟು ಬೇರೆ ಮಾತಿಲ್ಲ. ಇದಕ್ಕೆ ಗಟ್ಟಿ ಕಾರಣವೂ ಇದೆ. ಕರಿಮೆಣಸಿಗೆ ಆ ವಾಸನೆ ಕೊಡುವ ರೊಟಂಡೋನ್ ಅನ್ನುವ ವಸ್ತು ಶಿರಾಜ್ ದ್ರಾಕ್ಷಿ ಸಿಪ್ಪೆಯಲ್ಲೂ ಇದೆ. ಆಸ್ಟ್ರೇಲಿಯಾದ ಸಂಶೋಧಕರು 2008ರಲ್ಲಿ ಇದನ್ನು ಪ್ರಕಟಿಸಿದರು. ನಮ್ಮ ತೋಟದ ಮೆಣಸು, ಗ್ಲಾಸಿನ ಶಿರಾಜ್ ಒಂದೇ ಘಮ ಹಂಚಿಕೊಂಡಿವೆ.

ಮೆಲ್ಬರ್ನ್ ಮಂಡ್ಯ

ಆಸ್ಟ್ರೇಲಿಯಾ ಹೆಸರು ಬಂತಲ್ಲ, ನಾನೂ ಬಂದೆ. ಇಲ್ಲಿ ಎಷ್ಟೋ ಸಣ್ಣ ಹೋಟೆಲ್‌ಗಳಲ್ಲಿ ನಮ್ಮದೇ ಬಾಟಲಿ ತೆಗೆದುಕೊಂಡು ಹೋಗಬಹುದು. ಗ್ಲಾಸ್ ಕೊಟ್ಟಿದ್ದಕ್ಕೆ ಕಾರ್ಕೇಜ್ ಅಂತ ಸ್ವಲ್ಪ ದುಡ್ಡು ಹಾಕುತ್ತಾರೆ. ನಾವು ಮಸಾಲೆ ದೋಸೆ ಹೋಟೆಲ್‌ಗೆ ಈಡನ್ ವ್ಯಾಲಿ ರೀಸ್ಲಿಂಗ್ ತೆಗೆದುಕೊಂಡು ಹೋಗುತ್ತೇವೆ. ನಿಂಬೆ ಹುಳಿ ಇರುವ ವೈನ್, ಚಟ್ನಿಗೆ ಒಳ್ಳೆಯ ಜೊತೆ.

ಭಾರತದಲ್ಲಿ ಆಮದು ವೈನ್ ಯಾಕೆ ಇಷ್ಟು ದುಬಾರಿ ಅಂತ ಊರಿಗೆ ಬಂದಾಗ ಎಲ್ಲರೂ ಕೇಳುತ್ತಾರೆ. ಕಸ್ಟಮ್ಸ್ ಸುಂಕವೇ ಶೇ 150 ಇತ್ತು, ಅದರ ಮೇಲೆ ರಾಜ್ಯದ ಅಬಕಾರಿ. 2022ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಭಾರತ-ಆಸ್ಟ್ರೇಲಿಯಾ ಒಪ್ಪಂದದಲ್ಲಿ 5 ಅಮೆರಿಕನ್ ಡಾಲರ್ ಮೇಲಿನ ಬಾಟಲಿಗೆ ಶೇ 100ಕ್ಕೆ, 15 ಡಾಲರ್ ಮೇಲಿನದಕ್ಕೆ ಶೇ 75ಕ್ಕೆ ಇಳಿಸಿ, ವರ್ಷ ವರ್ಷ ಇನ್ನೂ ತಗ್ಗಿಸುವ ಮಾತಾಗಿದೆ.

ಹೊಸಬ, ಹೆಬ್ಬಾಳ

ಇನ್ನೊಂದು ಪ್ರಶ್ನೆ. ಒಂದು ಕಡೆ ಗ್ಲಾಸ್ ಲೆಕ್ಕದಲ್ಲಿ ಕೆಂಪು ವೈನ್ ತರಿಸಿದೆ. ಹಳೇ ಸೇಬಿನ ಥರ ವಾಸನೆ, ಬೆಚ್ಚಗೆ ಬೇರೆ ಇತ್ತು. ವಾಪಸ್ ಕೊಡಬಹುದಾ? ಹೇಳೋಕೆ ಮುಜುಗರ ಆಯ್ತು.

ಜಯನಗರದ ಮೇಜು

ಖಂಡಿತ ಕೊಡಬಹುದು, ಮುಜುಗರ ಬೇಡ. ಅದು ತೆರೆದು ಬಹಳ ದಿನ ಆದ ಬಾಟಲಿ, ಗಾಳಿ ತಾಗಿ ಕೆಟ್ಟಿದೆ. ಗ್ಲಾಸ್ ತರಿಸುವಾಗ "ಈ ಬಾಟಲಿ ಯಾವಾಗ ತೆಗೆದದ್ದು?" ಅಂತ ನೇರವಾಗಿ ಕೇಳಿ. ಎರಡು ಮೂರು ದಿನಕ್ಕಿಂತ ಹಳೆಯದಾದರೆ ಬೇರೆ ಕೇಳಿ. ಒಳ್ಳೆಯ ಬಾರ್‌ನವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ. ಒದ್ದೆ ರಟ್ಟಿನ ಮುಗ್ಗಲು ವಾಸನೆ ಬಂದರೆ ಅದು ಕಾರ್ಕ್‌ನ ದೋಷ, ಬಾಟಲಿ ಬದಲಾಯಿಸಬೇಕು. ಬಾಟಲಿ ತೆರೆದಾಗ ಮೊದಲು ಒಂದು ಗುಟುಕು ಸುರಿದು ಕೊಡುವುದು ಇದನ್ನು ನೋಡಲಿ ಅಂತಲೇ. ಇಷ್ಟ ಆಯ್ತಾ ಇಲ್ವಾ ಅನ್ನುವುದಕ್ಕಲ್ಲ, ಕೆಟ್ಟಿದೆಯಾ ಅನ್ನುವುದಕ್ಕೆ.

ಬೆಚ್ಚಗಿರುವ ವಿಷಯ. ಕೆಂಪು ವೈನ್ ಕೋಣೆಯ ಬಿಸಿಯಲ್ಲೇ ಇರಲಿ ಅಂತ ಹೇಳುವುದು ಯುರೋಪಿನ ಹಳೆ ಮನೆಗಳ ಲೆಕ್ಕ, 16ರಿಂದ 18 ಡಿಗ್ರಿ. ನಮ್ಮ ಏಪ್ರಿಲ್ ತಿಂಗಳ ಕೋಣೆಯಲ್ಲ. ಇಪ್ಪತ್ತು ನಿಮಿಷ ಐಸ್ ಬಕೆಟ್‌ನಲ್ಲಿ ಇಡಲು ಹೇಳಿ. ಕೆಂಪು ವೈನ್‌ಗೆ ಐಸ್ ಬಕೆಟ್ಟಾ ಅಂತ ನೋಡಿದರೆ ನೋಡಲಿ.

ಮಹಿಳೆ, ಮಲ್ಲೇಶ್ವರ

ಬಜ್ಜಿ ಮತ್ತು ಬ್ರೂಟ್ ನಿನ್ನೆ ಮಾಡಿದೆವು. ನಾಲ್ಕೂ ಜನಕ್ಕೆ ತುಂಬಾ ಹಿಡಿಸಿತು. ಬಾರ್‌ನ ಅಡುಗೆಯವರಲ್ಲಿ ಕೇಳಿದರೆ ಹೀರೇಕಾಯಿ ಬಜ್ಜಿ ಮಾಡಿಕೊಟ್ಟರು, ಮೆನುವಿನಲ್ಲಿ ಇರಲೇ ಇಲ್ಲ. ಕೊನೆಗೆ ಮೈಸೂರು ಪಾಕ್ ತಿಂದು ಉಳಿದ ವೈನ್ ಕುಡಿದರೆ ಬರೀ ಹುಳಿ ಹುಳಿ. ಯಾಕೆ?

ಕುಡ್ಲದ ಅಡುಗೆಮನೆ

ವೈನ್ ಸಿಹಿತಿಂಡಿಗಿಂತ ಹೆಚ್ಚು ಸಿಹಿ ಇರಬೇಕು ಅಕ್ಕ, ಇಲ್ಲದಿದ್ದರೆ ಹಾಗೇ ಆಗುವುದು. ಸಿಹಿ ತಿಂದ ನಾಲಿಗೆಗೆ ಡ್ರೈ ವೈನ್‌ನ ಹುಳಿ ಮಾತ್ರ ಕಾಣುತ್ತದೆ. ಅದಕ್ಕೆ ಲೇಟ್ ಹಾರ್ವೆಸ್ಟ್ ಅಂತ ಬರುವ ವೈನ್ ಕೇಳಿ. ಹಣ್ಣನ್ನು ಬಳ್ಳಿಯಲ್ಲೇ ಇನ್ನಷ್ಟು ದಿನ ಬಿಟ್ಟು, ಸಿಹಿ ಗಟ್ಟಿಯಾದ ಮೇಲೆ ಕೊಯ್ದು ಮಾಡಿದ್ದು. ನಾಸಿಕ್‌ನ ಸುಲಾ ಕಂಪನಿಯವರ ಲೇಟ್ ಹಾರ್ವೆಸ್ಟ್ ಶೆನಿನ್ ಇದೆ. ನಮ್ಮ ರಾಜ್ಯದ್ದೇ ಬೇಕು ಅಂದರೆ ಬಿಗ್ ಬನಿಯನ್‌ನವರ ಬೆಲಿಸಿಮಾ, ಮಸ್ಕಟ್ ದ್ರಾಕ್ಷಿಯದು. ತುಪ್ಪ ತುಂಬಿದ ಮೈಸೂರು ಪಾಕ್‌ಗೆ ಅದನ್ನು ತಣ್ಣಗೆ, 60 ಎಂಎಲ್ ಮಾತ್ರ. ಬಾಟಲಿ ಖಾಲಿ ಮಾಡುವ ಅವಸರ ಇಲ್ಲ. ಸಿಹಿ ಜಾಸ್ತಿ ಇರುವುದರಿಂದ ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಒಂದು ವಾರ ಹಾಳಾಗುವುದಿಲ್ಲ.

ಸೋಡಾ ಸಾಕು

ಮೈಸೂರು ಪಾಕ್ ಇದ್ದರೆ ನಾನೂ ಬರುತ್ತೇನೆ. ಯಾವ ಶನಿವಾರ ಅಂತ ಹೇಳಿ.

ಜಯನಗರದ ಮೇಜು

ತಿಂಗಳ ಎರಡನೇ ಶನಿವಾರ, ಸಂಜೆ ಏಳಕ್ಕೆ. ಬರುವವರು ಇಲ್ಲೇ ಬರೆಯಿರಿ, ಅಡುಗೆಯವರಿಗೆ ಮೊದಲೇ ಹೇಳಬೇಕು. ಕೋಕಂ ಸೋಡಾ ಇರುತ್ತದೆ.